ಹಳೆಯ ಅಂಬಾಸಿಡರ್‌ಗೆ ಮನೆಯಲ್ಲೇ ಮಾಡಿದ ಶಾಖ–ಸದ್ದು ತಡೆ ಹಲಗೆಗಳು: ಯಾವ ಸಾಮಗ್ರಿ ತಾಳಿತು, ಯಾವುದು ತಾಳಲಿಲ್ಲ

ಕಾರಿನೊಳಗಿನ ಶಾಖವನ್ನೂ ಸದ್ದನ್ನೂ ತಗ್ಗಿಸಲೆಂದು ಈಗ ಅಂಗಡಿಗಳಲ್ಲಿ ಮಾರುವ ಹಾಳೆ, ಫೋಮು, ಫೆಲ್ಟುಗಳಲ್ಲಿ ಹೆಚ್ಚಿನವು ಹೊಸ ಕಾರುಗಳನ್ನು ಗಮನದಲ್ಲಿಟ್ಟುಕೊಂಡು ತಯಾರಾದವು. ಹೊಸ ಕಾರಿನ ತಗಡಿಗೆ ಕಾರ್ಖಾನೆಯಲ್ಲೇ ತುಕ್ಕು ತಡೆಯುವ ಲೇಪ ಬಿದ್ದಿರುತ್ತದೆ, ಮುಂದಿನ ಗಾಜನ್ನು ಅಂಟಿನಿಂದಲೇ ಕೂರಿಸಿರುತ್ತಾರೆ. ಹಾಗಾಗಿ ಅದರ ನೆಲದ ಮೇಲೆ ಏನನ್ನು ಅಂಟಿಸಿದರೂ ಹತ್ತು ವರ್ಷ ಕೇಳುವಂತಿಲ್ಲ. ಅಂಬಾಸಿಡರ್‌ಗೆ ಈ ಭಾಗ್ಯವಿಲ್ಲ. ಅದರ ಗಾಜು ರಬ್ಬರ್ ಪಟ್ಟಿಯ ಹಿಡಿತದಲ್ಲಿ ಕೂತಿದೆ, ಆ ರಬ್ಬರು ಒಣಗಿ ಬಿರಿಯುತ್ತದೆ, ವೈಪರ್ ಕಡ್ಡಿಯ ಬುಡದಿಂದಲೂ ನೀರು ಒಳಗಿಳಿಯುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಪ್ರತಿಯೊಂದು ಸಾಮಗ್ರಿಗೂ ನಾನು ಮೊದಲು ಕೇಳಿದ್ದು ಅದು ಎಷ್ಟು ಶಾಖ ತಡೆಯುತ್ತದೆ ಎಂಬುದನ್ನಲ್ಲ. ಮಳೆಗಾಲದಲ್ಲಿ ಬಿಚ್ಚಿ ಒಣಗಿಸಲು ಬರುತ್ತದೆಯೇ, ನೀರು ಹೀರುತ್ತದೆಯೇ, ಬೆಂಕಿ ತಗುಲಿದರೆ ಏನಾಗುತ್ತದೆ, ಇವು ಮೊದಲ ಪ್ರಶ್ನೆಗಳು. ತಂಪು ಮತ್ತು ಮೌನ ಆಮೇಲಿನವು.

ಕಾರು ಮಾರ್ಕ್ 3, ಅಂದರೆ 1975ರಿಂದ 1979ರವರೆಗೆ ಬಂದ ಮಾದರಿ, ಪೆಟ್ರೋಲ್ ಎಂಜಿನ್ನಿನದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನೇ ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಾದ ಈ ಗಾಡಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ರಸ್ತೆಯ ಕಲ್ಲು, ಸಸ್ಪೆನ್ಷನ್ನಿನ ಬಡಿತ, ಗೇರ್‌ಬಾಕ್ಸಿನ ಗುಂಯ್ಗುಡುವಿಕೆ ಎಲ್ಲವೂ ನೇರವಾಗಿ ನೆಲದ ತಗಡಿಗೆ ಹತ್ತುತ್ತವೆ. 1489 ಸಿಸಿಯ ಆ ಬಿ-ಸೀರೀಸ್ ಎಂಜಿನ್ನಿನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಬಿಸಿ ಹೊಗೆಯನ್ನು ಎಂಜಿನ್ನಿನಿಂದ ಹೊರಗೊಯ್ಯುವ ಕೊಳವೆ) ಎರಡೂ ಒಂದೇ ಬದಿಯಲ್ಲಿ, ಎಡಗಡೆಗೇ ಇವೆ. ನಮ್ಮ ಕಡೆ ಚಾಲಕ ಬಲಕ್ಕೆ ಕೂರುವುದರಿಂದ ಬಿಸಿಯ ಮುಖ್ಯ ಪೆಟ್ಟು ಬೀಳುವುದು ಮುಂದಿನ ಸೀಟಿನಲ್ಲಿ ಕೂತವರ ಪಾದಕ್ಕೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ ಬಸವಳಿಯುತ್ತಿದ್ದರೆ, ಎಡಗಡೆ ಕೂತವರು ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಮೇಲೆ ಮಡಚಿಕೊಳ್ಳುವುದು ನಮ್ಮ ಮನೆಯಲ್ಲಿ ರೂಢಿಯೇ ಆಗಿಹೋಗಿತ್ತು.

ಕೆಲಸ ಆರಂಭಿಸುವವರಿಗೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಕಾರುಗಳ ಫೈರ್‌ವಾಲ್‌ಗೆ, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಗೆ, ಹಿಂದೆ ಯಾರು ಏನನ್ನು ಅಂಟಿಸಿದ್ದಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಬೂದು ಬಣ್ಣದ ರಟ್ಟಿನಂತಹ ಪದರ ಸಿಕ್ಕರೆ ಅದರಲ್ಲಿ ಆಸ್ಬೆಸ್ಟಾಸ್ ಇದೆಯೋ ಇಲ್ಲವೋ ಕಣ್ಣಿನಿಂದ ಹೇಳಲು ಸಾಧ್ಯವಿಲ್ಲ. ಒಣಗಿರುವಾಗ ಉಳಿಯಿಂದ ಕೆರೆಯಬಾರದು, ಗ್ರೈಂಡರನ್ನಂತೂ ಹಿಡಿಯಲೇಬಾರದು. ನೀರು ಚಿಮುಕಿಸಿ ನೆನೆಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡು, ತುಂಡು ತುಂಡಾಗಿ ತೆಗೆದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ನಮ್ಮ ಕಾರಿನಲ್ಲಿ ಸಿಕ್ಕಿದ್ದು ಸೆಣಬಿನ ಫೆಲ್ಟು. ಮ್ಯಾಟು ಎತ್ತಿದಾಗ ಮೇಲ್ಮೈ ಒಣಗಿತ್ತು, ಬೆರಳಿನಿಂದ ಒತ್ತಿದರೆ ಕೆಳಗಿನಿಂದ ಕಂದು ನೀರು ಜಿನುಗಿತು, ಅದರ ಅಡಿಯ ತಗಡು ಹಪ್ಪಳದಂತೆ ಪದರ ಬಿಡುತ್ತಿತ್ತು. ಟಿಂಕರಿಂಗ್ ಕೆಲಸದವರು ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದುಕೊಟ್ಟ ಮೇಲೆಯೇ ಹಲಗೆಗಳ ಮಾತು.

ಈಗ ಸಾಮಗ್ರಿಗಳಿಗೆ ಬರೋಣ. ಮೊದಲನೆಯದು ಎಲ್ಲರೂ ಮೊದಲು ಕೊಳ್ಳುವ ಬ್ಯುಟೈಲ್ ಹಾಳೆ: ಒಂದು ಬದಿಗೆ ಅಲ್ಯೂಮಿನಿಯಂ ತೆಳುಹಾಳೆ, ಇನ್ನೊಂದು ಬದಿಗೆ ಕಪ್ಪು ಜಿಗುಟು ರಬ್ಬರು, ದಪ್ಪ ಸಾಮಾನ್ಯವಾಗಿ 2 ಮಿಲಿಮೀಟರ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಇದನ್ನು ಕೇಳಿದಾಗ, "ಫುಲ್ ಫ್ಲೋರಿಗೆ ಹೊಡೆಸಿಬಿಡಿ ಸಾರ್, ಎಸಿ ಹಾಕಿದಂಗಿರುತ್ತೆ" ಎಂಬ ಸಲಹೆ ಬಂತು. ಈ ಮಾತಿನ ಎರಡು ಭಾಗಗಳೂ ಸರಿಯಲ್ಲ. ಬ್ಯುಟೈಲ್ ಹಾಳೆಯ ಕೆಲಸ ತಗಡಿನ ನಡುಕವನ್ನು ಅಡಗಿಸುವುದು ಮಾತ್ರ. ತಗಡು ಬಾಗಿ ನಡುಗಿದಾಗ ಅದಕ್ಕೂ ಮೇಲಿನ ಅಲ್ಯೂಮಿನಿಯಂಗೂ ನಡುವೆ ಸಿಕ್ಕ ರಬ್ಬರು ಎಳೆದಾಡಿ, ಆ ನಡುಕವನ್ನು ಅತ್ಯಲ್ಪ ಶಾಖವಾಗಿ ಕರಗಿಸುತ್ತದೆ. ಅಂದಮೇಲೆ ನಡುಗುವ ಜಾಗದಲ್ಲಿದ್ದರೆ ಸಾಕು. ಅಗಲವಾದ ಚಪ್ಪಟೆ ತಗಡಿನ ನಡುಭಾಗದಲ್ಲಿ ಕಾಲುಭಾಗದಿಂದ ಮೂರರಲ್ಲೊಂದು ಭಾಗದಷ್ಟು ಅಂಟಿಸಿದರೆ ಸಿಗಬೇಕಾದ ಲಾಭದ ಬಹುಪಾಲು ಸಿಕ್ಕಿಬಿಡುತ್ತದೆ. ಗೆಣ್ಣಿನಿಂದ ತಟ್ಟಿ ನೋಡಿದರೆ ಇದು ತಾನಾಗಿ ತಿಳಿಯುತ್ತದೆ: ಬಾಗಿಲಿನ ಹೊರತಗಡು ಮೊದಲು ಡಬ್ಬಿಯಂತೆ ಠಣಗುಟ್ಟುತ್ತಿದ್ದುದು, ಅಂಗೈಯಗಲದ ಎರಡು ತುಂಡು ಒತ್ತಿದ ಮೇಲೆ ದಬ್ಬೆಂದು ಸುಮ್ಮನಾಗುತ್ತದೆ. ಉಳಿದ ಜಾಗಕ್ಕೂ ಹೊಡೆಸಿದರೆ ತೂಕವೂ ಖರ್ಚೂ ಏರುತ್ತವೆ, ಸದ್ದು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಚದರ ಮೀಟರಿಗೆ ಸುಮಾರು ಮೂರು ಕಿಲೋ ತೂಗುವ ಈ ಹಾಳೆ ಶಾಖವನ್ನು ತಡೆಯುವುದು ಕಡಿಮೆಯೇ, ಏಕೆಂದರೆ ತಗಡಿಗೆ ಒತ್ತಿಕೊಂಡ ಅಲ್ಯೂಮಿನಿಯಂ ಶಾಖವನ್ನು ಹಿಂದಕ್ಕೆ ಹೊಳೆಯಿಸಲಾರದು. ಅದಕ್ಕೆ ಮುಂದೆ ಗಾಳಿಯ ತೆರವು ಬೇಕು.

ನನ್ನ ಮಟ್ಟಿಗೆ ಬ್ಯುಟೈಲ್ ಹಾಳೆಯ ದೊಡ್ಡ ದೋಷ ಬೇರೆಯದು. ಒಮ್ಮೆ ಒತ್ತಿದ ಮೇಲೆ ಅದನ್ನು ತೆಗೆಯಲು ಹೀಟ್ ಗನ್, ಉಳಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಎಲ್ಲ ಬೇಕಾಗುತ್ತದೆ, ಅಂಚು ಸಡಿಲವಾದ ಕಡೆ ಅದರ ಅಡಿಗೆ ನುಗ್ಗಿದ ನೀರು ಅಲ್ಲೇ ಉಳಿಯುತ್ತದೆ. ಆದ್ದರಿಂದ ಬಾಗಿಲಿನ ಹೊರತಗಡು, ಛಾವಣಿ ಮತ್ತು ಫೈರ್‌ವಾಲ್‌ನ ಮೇಲ್ಭಾಗಕ್ಕೆ ಇದನ್ನು ಸೀಮಿತಗೊಳಿಸಿ, ನೀರು ನಿಲ್ಲಬಹುದಾದ ಪಾದದ ಗುಂಡಿಗೆ ಒಂದು ಚೂರನ್ನೂ ಹಾಕಲಿಲ್ಲ. ಆ ಮಿತಿಯೊಳಗೆ ಇದು ಕೊಟ್ಟ ಹಣಕ್ಕೆ ತಕ್ಕ ಸಾಮಗ್ರಿ.

ಇದರ ಹೆಸರಿನಲ್ಲೇ ಓಡಾಡುವ ಇನ್ನೊಂದು ಸರಕಿದೆ: ತಾರಸಿಯ ಸೋರಿಕೆಗೆ ಹಚ್ಚುವ ಡಾಂಬರಿನ ಪಟ್ಟಿ. ಹೊರಗಿನ ಬೆಳ್ಳಿ ಹೊದಿಕೆ ಎರಡಕ್ಕೂ ಒಂದೇ ರೀತಿಯದಾದ್ದರಿಂದ ನೋಡಿ ಗುರುತಿಸುವುದು ಕಷ್ಟ. ಆನ್‌ಲೈನಿನಲ್ಲಿ ಬ್ಯುಟೈಲ್ ಎಂದು ಬರೆದು ಮಾರಿದ ಒಂದು ಸುರುಳಿ ಬಿಚ್ಚಿದ ಕೂಡಲೇ ಹೊಸದಾಗಿ ಹಾಕಿದ ರಸ್ತೆಯ ವಾಸನೆ ಹೊಡೆಯಿತು. ಪರೀಕ್ಷೆ ಸುಲಭ. ಒಂದು ತುಂಡನ್ನು ತಗಡಿಗೆ ಅಂಟಿಸಿ ಮಧ್ಯಾಹ್ನದ ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಬ್ಯುಟೈಲ್ ಕದಲುವುದಿಲ್ಲ, ಡಾಂಬರಿನದು ಸಂಜೆಯೊಳಗೆ ಕೆಳಗೆ ಜಾರುತ್ತದೆ. ರಸ್ತೆಗೆ ಬಳಸುವ ಸಾಮಾನ್ಯ ಡಾಂಬರು 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಮೆತ್ತಗಾಗುವಂಥದ್ದು, ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಛಾವಣಿಯೋ ಅದನ್ನು ದಾಟಿ ಹೋಗುತ್ತದೆ. ಕಲಬುರಗಿ, ರಾಯಚೂರು ಕಡೆಯವರು ಇದರ ಹತ್ತಿರವೂ ಸುಳಿಯಬಾರದು.

ಇಡೀ ಕೆಲಸದಲ್ಲಿ ನಿಜವಾಗಿ ಮೆಚ್ಚುಗೆಯಾದದ್ದು ಎಸಿ ಪೈಪು ಮತ್ತು ಡಕ್ಟುಗಳಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಫೋಮು. ಕಾರಿನ ಅಂಗಡಿಗಳಲ್ಲಿ ಇದನ್ನು ಕೇಳಿದರೆ ಬೇರೆಯದನ್ನು ತೋರಿಸುತ್ತಾರೆ. ಫ್ರಿಜ್ಜು–ಎಸಿ ರಿಪೇರಿಯವರಿಗೆ ಸಾಮಾನು ಮಾರುವ ಅಂಗಡಿಗೆ ಹೋದರೆ 9, 13, 19 ಮಿಲಿಮೀಟರ್ ದಪ್ಪಗಳಲ್ಲಿ ಸುರುಳಿಯಿಂದ ಕತ್ತರಿಸಿಯೇ ಕೊಡುತ್ತಾರೆ. ಇದರ ರಂಧ್ರಗಳು ಒಂದಕ್ಕೊಂದು ಕೂಡಿಕೊಳ್ಳದೆ ಮುಚ್ಚಿಕೊಂಡಿರುವುದರಿಂದ ನೀರು ಹೀರುವುದಿಲ್ಲ. ಬಕೆಟ್ಟಿನ ನೀರಿನಲ್ಲಿ ಒಂದು ರಾತ್ರಿ ಕಲ್ಲು ಹೇರಿ ಮುಳುಗಿಸಿಟ್ಟ ತುಂಡನ್ನು ಬೆಳಿಗ್ಗೆ ಕೊಡವಿದರೆ ಹೊರಮೈ ಮಾತ್ರ ಒದ್ದೆಯಾಗಿತ್ತು, ಅಡ್ಡಲಾಗಿ ಕೊಯ್ದರೆ ಒಳಗೆ ಪುಡಿಯಷ್ಟೂ ತೇವವಿರಲಿಲ್ಲ. ಶಾಖ ಸಾಗಿಸುವ ಗುಣ ಮೀಟರಿಗೆ ಕೆಲ್ವಿನ್ನಿಗೆ ಸುಮಾರು 0.035 ವ್ಯಾಟ್, ಉಕ್ಕಿಗೆ ಇದೇ ಅಂಕಿ 50ರ ಆಸುಪಾಸು. ಸುಮಾರು 105 ಡಿಗ್ರಿಯವರೆಗೆ ಇದು ತಾಳುತ್ತದೆ. ಕ್ಲಾಸ್ ಒ ಎಂದು ಮುದ್ರಿಸಿದ್ದನ್ನೇ ಕೇಳಿ ಕೊಳ್ಳಬೇಕು, ಅದು ಬ್ರಿಟನ್ನಿನ ಬಿಎಸ್ 476 ಪರೀಕ್ಷೆಗಳನ್ನು ಆಧರಿಸಿದ, ಬೆಂಕಿ ಹಬ್ಬದಿರುವಿಕೆಯ ದರ್ಜೆ. ಅಂಗಳದಲ್ಲಿ ಒಂದು ಪಟ್ಟಿಗೆ ಲೈಟರ್ ಹಿಡಿದಾಗ ಅದು ಕರಕಲಾಗಿ, ಜ್ವಾಲೆ ತೆಗೆದೊಡನೆ ತಾನೇ ಆರಿಹೋಯಿತು. ತಗಡಿನ ಶೆಡ್ಡುಗಳ ಕೆಳಗೆ ಹೊದಿಸುವ ಬೆಳ್ಳಿ ಹೊದಿಕೆಯ ಪಾಲಿಥೀನ್ ಫೋಮು ಅದೇ ಪರೀಕ್ಷೆಯಲ್ಲಿ ಉರಿಯುತ್ತ ಹನಿಹನಿಯಾಗಿ ತೊಟ್ಟಿಕ್ಕಿತು. ಬೆಲೆಯಲ್ಲಿ ಅದು ಅಗ್ಗ, ಆದರೆ ಪೆಟ್ರೋಲ್ ಪೈಪು ಹಾದುಹೋಗುವ ಗಾಡಿಯೊಳಗೆ ಅದಕ್ಕೆ ಜಾಗವಿಲ್ಲ. ಕಾರಿನ ಒಳಗಿನ ಬಟ್ಟೆ, ಫೋಮುಗಳು ಮಿನಿಟಿಗೆ 102 ಮಿಲಿಮೀಟರಿಗಿಂತ ವೇಗವಾಗಿ ಉರಿಯಬಾರದೆಂದು 1972ರಿಂದ ಅಮೆರಿಕದ ನಿಯಮವಿದೆ, ನಮ್ಮಲ್ಲೂ ಐಎಸ್ 15061 ಎಂಬ ಮಾನದಂಡವಿದೆ. ಮನೆಯಲ್ಲಿ ಮಾಡುವ ಹಲಗೆಯನ್ನು ಯಾರೂ ಬಂದು ಅಳೆಯುವುದಿಲ್ಲವಾದ್ದರಿಂದ ಆ ಲೈಟರ್ ಪರೀಕ್ಷೆಯನ್ನು ಪ್ರತಿಯೊಂದು ಸಾಮಗ್ರಿಗೂ ಮಾಡಲೇಬೇಕು.

ಫೋಮಿನ ಬೆನ್ನಿಗೆ ಗಟ್ಟಿ ಹಲಗೆ ಬೇಕು, ಇಲ್ಲದಿದ್ದರೆ ಬಿಚ್ಚುವ, ತೊಡಿಸುವ ಮಾತೇ ಬರುವುದಿಲ್ಲ. ಪ್ಲೈವುಡ್ ಅಂಗಡಿಯ 3 ಮಿಲಿಮೀಟರ್ ಹಾರ್ಡ್‌ಬೋರ್ಡ್ ಬಾಗುತ್ತದೆ, ಚಾಕುವಿಗೆ ಬಗ್ಗುತ್ತದೆ, ಬೆಲೆಯೂ ಕಡಿಮೆ. ಆದರೆ ಕತ್ತರಿಸಿದ ಅಂಚು ನೀರು ಕುಡಿದು ಊದಿಕೊಳ್ಳುತ್ತದೆ. ಅಂಚುಗಳಿಗೂ ರಂಧ್ರಗಳಿಗೂ ವಾರ್ನಿಷ್ ಕುಡಿಸಿ ಒಣಗಿಸಿದರೆ ಈ ದೂರು ಬಹಳ ಮಟ್ಟಿಗೆ ತೀರುತ್ತದೆ. ಬೋರ್ಡು ಬರೆಯುವವರು ಬಳಸುವ ಬಿಳಿ ಸನ್‌ಬೋರ್ಡ್ ನೀರಿಗೆ ಹೆದರುವುದಿಲ್ಲ, ಕತ್ತರಿಸಲು ಇನ್ನೂ ಸುಲಭ, ಆದರೆ ಅದು ಪಿವಿಸಿ. ಬಿಸಿ ತಗಡಿನ ಪಕ್ಕದಲ್ಲಿ ಮೆತ್ತಗಾಗಿ ಜೋಲುತ್ತದೆ. ಬಾಗಿಲಿಗೆ ಸರಿ, ಫೈರ್‌ವಾಲ್‌ಗೆ ಬೇಡ. ಅಂಗಡಿಗಳ ಮುಂಭಾಗಕ್ಕೆ ಹೊದಿಸುವ ಎಸಿಪಿ (ಎರಡು ಅಲ್ಯೂಮಿನಿಯಂ ಪದರಗಳ ನಡುವೆ ಬೇರೆ ತಿರುಳಿರುವ) ಹಾಳೆಯ ತುಂಡುಗಳು ಪುಕ್ಕಟೆಯಾಗಿಯೇ ಸಿಗುತ್ತವೆ, ಮೇಲೆ ಅಲ್ಯೂಮಿನಿಯಂ ಇರುವುದರಿಂದ ಬೆಂಕಿಗೆ ಜಗ್ಗದೆಂದು ನಂಬಿ ಹಲವರು ಅದನ್ನೇ ಬಾನೆಟ್ಟಿನ ಒಳಗೆ ಹಾಕಿಸಿಕೊಂಡಿದ್ದಾರೆ. ಅದರ ಸಾಮಾನ್ಯ ದರ್ಜೆಯ ಹಾಳೆಯ ಹೊಟ್ಟೆಯಲ್ಲಿರುವುದು ಪಾಲಿಥೀನ್. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಕಟ್ಟಡದ ಹೊರಮೈಯಲ್ಲಿ ಏರಿ ಹಬ್ಬಿದ್ದು ಇಂಥ ಹೊದಿಕೆಯ ಮೂಲಕವೇ. ಎಂಜಿನ್ ಕಡೆಗೆ ಅದನ್ನು ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಒಳಗಿನ ಫೈರ್‌ವಾಲ್ ಹಲಗೆಯ ರಚನೆ ಹೀಗಿದೆ: ತಗಡಿಗೆ ಒರಗುವ ಬದಿಯಲ್ಲಿ 13 ಮಿಲಿಮೀಟರ್ ನೈಟ್ರೈಲ್ ಫೋಮು, ಅದರ ಮೇಲೆ ಹಾರ್ಡ್‌ಬೋರ್ಡ್, ಅದರ ಮೇಲೆ 3 ಮಿಲಿಮೀಟರ್ ದಪ್ಪದ ಸಾದಾ ರಬ್ಬರ್ ಹಾಳೆ, ಹೊರಗೆ ಕಾಣುವ ಬದಿಗೆ ಕಪ್ಪು ರೆಕ್ಸಿನ್. ರಬ್ಬರ್ ಹಾಳೆಯನ್ನು ಸೇರಿಸಿದ್ದು ತೂಕಕ್ಕಾಗಿ. ಗೋಡೆಯ ತೂಕ ಇಮ್ಮಡಿಯಾದರೆ ಅದನ್ನು ದಾಟುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಎಂಬುದು ಶಬ್ದಶಾಸ್ತ್ರದ ಹಳೆಯ ಲೆಕ್ಕ, ಹಗುರವಾದ ಫೋಮು ಎಷ್ಟೇ ದಪ್ಪವಿದ್ದರೂ ಈ ಕೆಲಸಕ್ಕೆ ಬಾರದು. ವಿದೇಶದಲ್ಲಿ ಇದಕ್ಕೆಂದೇ ಭಾರದ ವಿನೈಲ್ ಹಾಳೆ ಮಾರುತ್ತಾರೆ. ಚದರ ಮೀಟರಿಗೆ ನಾಲ್ಕು ಕಿಲೋ ಮೀರುವ ನಮ್ಮ ರಬ್ಬರ್ ಹಾಳೆ ಅದರ ಹತ್ತಿರ ಹತ್ತಿರ ಬರುತ್ತದೆ, ಬೆಲೆಯಲ್ಲಿ ಮಾತ್ರ ಬಹಳ ಕೆಳಗಿದೆ.

ಕಷ್ಟವಿರುವುದು ಅಳತೆ ತೆಗೆಯುವುದರಲ್ಲಿ. ಟಿವಿ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ, ಒಂದೇ ದೊಡ್ಡ ನಮೂನೆ ಮಾಡಲು ಹೋಗದೆ, ಅಂಗೈಯಗಲದ ತುಂಡುಗಳನ್ನು ಒಂದೊಂದು ಮೂಲೆಗೂ ಕತ್ತರಿಸಿ ಕೂರಿಸಿ, ಆಮೇಲೆ ಅವನ್ನೆಲ್ಲ ಟೇಪಿನಿಂದ ಒಂದಕ್ಕೊಂದು ಜೋಡಿಸಿ ಎತ್ತಿಕೊಳ್ಳುವುದು ಉತ್ತಮ ಉಪಾಯ. ಸ್ಟೀರಿಂಗ್ ಕಂಬದ ಸುತ್ತ ಹಲಗೆ ಬರಬೇಕಾದ್ದರಿಂದ ಕಂಬದ ರಂಧ್ರದಿಂದ ಕೆಳ ಅಂಚಿನವರೆಗೆ ಒಂದು ಸೀಳು ಬಿಡಬೇಕು. ಇಲ್ಲವಾದರೆ ಸ್ಟೀರಿಂಗನ್ನೇ ಇಳಿಸಬೇಕಾಗುತ್ತದೆ. ಸೀಳಿನ ಹಿಂದೆ ಫೋಮಿನ ಒಂದು ಪಟ್ಟಿಯನ್ನು ಒಂದೇ ಬದಿಗೆ ಅಂಟಿಸಿದರೆ ಮುಚ್ಚಿದಾಗ ಅದು ಇನ್ನೊಂದು ಬದಿಯ ಮೇಲೆ ಕೂತು ಸಂದನ್ನು ಮುಚ್ಚುತ್ತದೆ. ಹಲಗೆಯನ್ನು ಎಡ, ನಡು, ಬಲ ಎಂದು ಮೂರು ಭಾಗ ಮಾಡಿದ್ದರಿಂದ ಈಗ ಎಡಭಾಗವನ್ನು ಮಾತ್ರ ಬಿಚ್ಚಿ ಒಣಗಿಸಬಹುದು. ಹಿಡಿದಿಡಲು ತಗಡಿನಲ್ಲಿ ಮೊದಲೇ ಇದ್ದ ರಂಧ್ರಗಳಿಗೆ ಪ್ಲಾಸ್ಟಿಕ್ ಟ್ರಿಮ್ ಕ್ಲಿಪ್ಪುಗಳು ಸಾಕಾದವು. ಹೊಸದಾಗಿ ತೂತು ಕೊರೆಯುವವರು ಆಚೆ ಬದಿಯಲ್ಲಿ ಬ್ರೇಕ್ ಪೈಪಾಗಲಿ ವೈರುಗಳಾಗಲಿ ಇಲ್ಲವೆಂದು ಕಣ್ಣಾರೆ ನೋಡಿಯೇ ಡ್ರಿಲ್ ಹಿಡಿಯಲಿ, ಬ್ಯಾಟರಿಯ ತಂತಿಯನ್ನು ಮೊದಲೇ ಕಳಚಿರಲಿ.

ಎಂಜಿನ್ ಕಡೆಯ ಮೈಗೆ ನಾನು ಫೋಮಿನ ಜಾತಿಯ ಯಾವುದನ್ನೂ ಹಾಕಲಿಲ್ಲ. ಅಲ್ಲಿ ಎಣ್ಣೆ ಚಿಮ್ಮುತ್ತದೆ, ಪೆಟ್ರೋಲ್ ಆವಿ ಇರುತ್ತದೆ, ಹೀರಿಕೊಂಡದ್ದು ಬತ್ತಿಯಾಗುತ್ತದೆ. ಪಾತ್ರೆ ಅಂಗಡಿಗಳಿಗೆ ತಗಡು ಪೂರೈಸುವವರಲ್ಲಿ ಸಿಕ್ಕ ಅರ್ಧ ಮಿಲಿಮೀಟರಿನ ಅಲ್ಯೂಮಿನಿಯಂ ಹಾಳೆಯನ್ನು ಮ್ಯಾನಿಫೋಲ್ಡ್ ಎದುರಿನ ಎಡಭಾಗಕ್ಕೆ ಮಾತ್ರ, ಉದ್ದನೆಯ ಬುಷ್ ಮತ್ತು ವಾಷರುಗಳ ಮೇಲೆ, ಫೈರ್‌ವಾಲ್‌ನಿಂದ ಬೆರಳಿನಷ್ಟು ದೂರ ನಿಲ್ಲಿಸಿದೆವು. ಹೊಳಪಿನ ಅಲ್ಯೂಮಿನಿಯಂ ತನ್ನ ಮೇಲೆ ಬೀಳುವ ವಿಕಿರಣ ಶಾಖದ ಬಹುಪಾಲನ್ನು ಹಿಂದಕ್ಕೆ ಹೊಳೆಯಿಸುತ್ತದೆ, ಉಳಿದುದನ್ನು ಹಿಂದಿನ ತೆರವಿನಲ್ಲಿ ಮೇಲೇರುವ ಗಾಳಿ ಒಯ್ಯುತ್ತದೆ. ಅಂಚುಗಳನ್ನು ಮಡಚದೆ ಬಿಟ್ಟರೆ ಅದು ಬ್ಲೇಡಿನಂತೆ ಕೈ ಕೊಯ್ಯುವುದಲ್ಲದೆ ಎಂಜಿನ್ನಿನ ಜೊತೆ ಜಿರಗುಟ್ಟುತ್ತದೆ ಕೂಡ. ಕುಲುಮೆಗಳಿಗೆ ಬಳಸುವ ಸೆರಾಮಿಕ್ ಉಣ್ಣೆಯನ್ನು ಈ ಜಾಗಕ್ಕೆ ಕೆಲವರು ಶಿಫಾರಸು ಮಾಡುತ್ತಾರೆ. ಅದು ಸಾವಿರ ಡಿಗ್ರಿ ದಾಟಿದರೂ ತಾಳುತ್ತದೆ ಎಂಬುದು ನಿಜವೇ, ಆದರೆ ಅದರ ಎಳೆಗಳು ಪುಡಿಯಾಗಿ ಶ್ವಾಸಕೋಶಕ್ಕೆ ಇಳಿಯುವಂಥವು. ಸಾದಾ ತಗಡಿನಿಂದಲೇ ಮುಗಿಯುವ ಕೆಲಸಕ್ಕೆ ಅದು ಏಕೆ ಬೇಕು?

ಇಷ್ಟೆಲ್ಲ ಸಾಮಗ್ರಿಗಳ ನಡುವೆ ಅತ್ಯಂತ ಅಗ್ಗವಾದದ್ದೂ ಅತ್ಯಂತ ಹೆಚ್ಚು ಫಲ ಕೊಟ್ಟದ್ದೂ ರಬ್ಬರ್ ಗ್ರೋಮೆಟ್‌ಗಳು, ಅಂದರೆ ತಗಡಿನ ತೂತಿನಲ್ಲಿ ವೈರಿನ ಸುತ್ತ ಕೂರುವ ರಬ್ಬರ್ ಬಳೆಗಳು. ಗೋಡೆಯ ವಿಸ್ತಾರದಲ್ಲಿ ನೂರಕ್ಕೆ ಒಂದು ಭಾಗದಷ್ಟು ತೂತು ಉಳಿದರೂ, ಆ ಗೋಡೆ ಎಷ್ಟೇ ಭಾರದ್ದಾಗಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ಸದ್ದನ್ನು ತಡೆಯಲಾರದು. ರಾತ್ರಿ ಗಾಡಿಯ ಬಾನೆಟ್ಟಿನೊಳಗೆ ಟಾರ್ಚ್ ಹಚ್ಚಿಟ್ಟು ಒಳಗೆ ಕೂತು ನೋಡಿದರೆ ಫೈರ್‌ವಾಲ್ ನಕ್ಷತ್ರ ಮೂಡಿದ ಹಾಗೆ ಕಾಣಿಸಿತು: ಸ್ಪೀಡೋಮೀಟರ್ ಕೇಬಲ್, ಚೋಕ್ ತಂತಿ, ವೈರಿಂಗ್ ಕಟ್ಟು, ಹಿಂದೆ ಯಾರೋ ಹಾರ್ನಿಗೆಂದು ಕೊರೆದು ಮರೆತ ರಂಧ್ರಗಳು. ವೈರುಗಳು ಹಾಯುವ ಕಡೆ ಹೊಸ ಗ್ರೋಮೆಟ್, ಬಳಕೆಯಿಲ್ಲದ ತೂತುಗಳಿಗೆ ರಬ್ಬರ್ ಬಿರಡೆ. ಎಂ-ಸೀಲ್ ಮೆತ್ತಿಬಿಡುವುದು ಮೆಕ್ಯಾನಿಕ್ಕುಗಳ ರೂಢಿ, ಆದರೆ ಅದು ವೈರನ್ನೇ ತಗಡಿಗೆ ಹೂತುಬಿಡುತ್ತದೆ. ಸದ್ದಿಗಿಂತ ಮುಖ್ಯವಾಗಿ, ಎಂಜಿನ್ನಿನ ಹೊಗೆ ಮತ್ತು ಪೆಟ್ರೋಲ್ ವಾಸನೆ ಒಳಬರುವುದು ಈ ಹಂತದಲ್ಲೇ ನಿಂತಿತು.

ಅಂಟಿನ ವಿಷಯದಲ್ಲಿ ಹೇಳುವುದು ಕಡಿಮೆ. ಕುಶನ್ ಕೆಲಸದವರು ಸೊಲ್ಯೂಷನ್ ಎಂದು ಕರೆಯುವ ರಬ್ಬರ್ ಅಂಟು, ಫೆವಿಕಾಲ್ ಎಸ್‌ಆರ್ ಮಾದರಿಯದು, ಫೋಮನ್ನು ಹಲಗೆಗೆ ಕೂಡಿಸಲು ಚೆನ್ನಾಗಿದೆ. ಎರಡೂ ಮೈಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು, ಬಯಲಿನಲ್ಲೇ ಮಾಡಬೇಕು, ಹತ್ತಿರ ಬೀಡಿ ಹಚ್ಚುವವರು ಇರಬಾರದು. ರೆಕ್ಸಿನ್ ಹೊದಿಸುವುದನ್ನು ಮಾತ್ರ ಕುಶನ್ ವರ್ಕ್ಸ್‌ನವರಿಗೆ ಬಿಡುವುದು ವಿವೇಕ. ಮೂಲೆಯಲ್ಲಿ ರೆಕ್ಸಿನ್ನನ್ನು ಸುಕ್ಕಿಲ್ಲದೆ ಎಳೆದು ಮಡಚುವ ಕೈಚಳಕ ನಮ್ಮಂಥವರಿಗೆ ಒಂದು ವಾರಾಂತ್ಯದಲ್ಲಿ ಬರುವಂಥದ್ದಲ್ಲ, ಅವರ ಕೂಲಿಯೂ ದುಬಾರಿಯೆನಿಸಲಿಲ್ಲ.

ಬಾಗಿಲುಗಳಿಗೆ ಒಂದೇ ಸೂಚನೆ: ಟ್ರಿಮ್ ಹಲಗೆಯ ಹಿಂದೆ ದಪ್ಪ ಪಾಲಿಥೀನ್ ಹಾಳೆ ಇರಲೇಬೇಕು, ಬಾಗಿಲಿನ ತಳದ ನೀರು ಹರಿಯುವ ಕಂಡಿಗಳನ್ನು ಯಾವ ಹಾಳೆಯೂ ಮುಚ್ಚಬಾರದು. ಗಾಜಿನ ಜೊತೆ ಇಳಿದ ಮಳೆನೀರು ಬಾಗಿಲಿನೊಳಗೆ ಹರಿಯುವುದು ಸಹಜ. ಹಾರ್ಡ್‌ಬೋರ್ಡ್ ಬಿಲ್ಲಿನಂತೆ ಬಾಗುವುದು ಆ ಪಾಲಿಥೀನ್ ಹರಿದಿರುವುದರಿಂದಲೇ. ಛಾವಣಿಗೆ ಬ್ಯುಟೈಲಿನ ಕೆಲವು ತುಂಡುಗಳು, ಅದರ ಮೇಲೆ 9 ಮಿಲಿಮೀಟರ್ ನೈಟ್ರೈಲ್ ಸಾಕು.

ಫಲಿತಾಂಶವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕೆಂದರೆ, ಗಾಡಿ ಹೊಸ ಕಾರಿನಂತಾಗಿಲ್ಲ, ಆಗುವುದೂ ಇಲ್ಲ. ಅರವತ್ತರ ವೇಗದಲ್ಲಿ ಗಾಜಿನ ಅಂಚುಗಳಲ್ಲಿ ಸೀಟಿ ಹೊಡೆಯುವ ಗಾಳಿ ಮೊದಲಿನಂತೆಯೇ ಇದೆ. ಎಂಜಿನ್ ಸದ್ದು ಇಳಿದದ್ದರಿಂದ ಅದು ಈಗ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಆದರೆ ಹಿಂದಿನ ಸೀಟಿನವರು ಮಾತನಾಡಲು ಮುಂದಕ್ಕೆ ಬಾಗಬೇಕಿಲ್ಲ, ಘಾಟಿ ಹತ್ತಿದ ಮೇಲೂ ಎಡಗಡೆಯ ಹಲಗೆಗೆ ಅಂಗೈ ಇಟ್ಟರೆ ಬೆಚ್ಚಗಿರುತ್ತದೆಯೇ ಹೊರತು ಸುಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಆ ಹಲಗೆಯನ್ನು ಬಿಚ್ಚಿದಾಗ ತಗಡಿನ ಮೇಲೆ ನೀರಿನ ಗೆರೆಯೊಂದು ವೈಪರ್ ಬುಡದಿಂದ ಇಳಿದಿರುವುದು ಕಂಡಿತು, ರೆಡ್ ಆಕ್ಸೈಡ್ ಹಾಗೇ ಇತ್ತು, ಒರೆಸಿ ಒಣಗಿಸಿ ಮತ್ತೆ ತೊಡಿಸಿದ್ದಾಯಿತು. ಎಲ್ಲವನ್ನೂ ಅಂಟಿಸಿಬಿಟ್ಟಿದ್ದರೆ ಆ ಗೆರೆ ತುಕ್ಕಾಗಿ ತೂತು ಬೀಳುವವರೆಗೂ ತಿಳಿಯುತ್ತಿರಲಿಲ್ಲ.

ಡೀಸೆಲ್ ಅಂಬಾಸಿಡರ್ ಇರುವವರು ಈ ಪಟ್ಟಿ ಹಿಡಿದು ಅಂಗಡಿಗೆ ಹೋಗುವ ಮೊದಲು ಎಂಜಿನ್ ಮತ್ತು ಗೇರ್‌ಬಾಕ್ಸಿನ ರಬ್ಬರ್ ಮೌಂಟಿಂಗುಗಳನ್ನು ಬದಲಾಯಿಸಿಕೊಳ್ಳಲಿ. ಚಪ್ಪಟೆಯಾದ ಮೌಂಟಿಂಗಿನ ಮೂಲಕ ಬಾಡಿಗೆ ಹತ್ತುವ ನಡುಕವನ್ನು ಒಳಗಿನ ಯಾವ ಹಲಗೆಯೂ ತಡೆಯಲಾರದು, ಆ ಮೌಂಟಿಂಗುಗಳು ಬ್ಯುಟೈಲಿನ ಒಂದು ಪೆಟ್ಟಿಗೆಗಿಂತ ಕಡಿಮೆ ಬೆಲೆಗೆ ಜೆ.ಸಿ. ರಸ್ತೆಯಲ್ಲಿ ಈಗಲೂ ಸಿಗುತ್ತಿವೆ.